ವಾಟ್ಸಾಪ್ ಬೀಗದೊಳಗಿನ 77 ಅಂಕಿಯ ಸಂಖ್ಯೆ: ಅದು ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ?

"ಎರಡು ನೀಲಿ ಟಿಕ್ ಜೊತೆ ಒಂದು ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜ್ ಓದಿದೆ ಎಂದರ್ಥ. ಮೂರೂ ಕೆಂಪಾದರೆ ನಿಮ್ಮ ಮೇಲೆ ಕೇಸ್ ಗ್ಯಾರಂಟಿ. ಎಲ್ಲರಿಗೂ ತಿಳಿಸಿ."

ಈ ಅರ್ಥದ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ವಿಭಾಗವೇ ಇದು ಸುಳ್ಳು ಎಂದು ಹೇಳಿದೆ. ಆದರೂ ಕೆಲವು ತಿಂಗಳಿಗೊಮ್ಮೆ ಅದು ಮತ್ತೆ ಹೊರಡುತ್ತದೆ. ಇದರ ಜೊತೆಗೆ ಇನ್ನೂ ಎರಡು ಮಾತು ಕೇಳಿಬರುತ್ತವೆ. ಒಂದು, "ವಿಜ್ಞಾನಿಗಳು ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಕಂಡುಹಿಡಿದಿದ್ದಾರೆ, ಇನ್ನು ಬ್ಯಾಂಕಿನ ಬೀಗಗಳೆಲ್ಲ ಮುರಿದಂತೆಯೇ." ಇನ್ನೊಂದು ಇದಕ್ಕೆ ತದ್ವಿರುದ್ಧ: "ವಾಟ್ಸಾಪ್‌ನಲ್ಲಿ ಬಂದಿದ್ದು ಸುರಕ್ಷಿತ, ಮೇಲೆ ಬೀಗದ ಚಿತ್ರವೇ ಇದೆಯಲ್ಲ!"

ಈ ಮೂರೂ ಮಾತು ಒಂದೇ ವಿಷಯದ ಸುತ್ತ ತಿರುಗುತ್ತವೆ. ಅದು ಶಾಲೆಯಲ್ಲಿ ನಾವೆಲ್ಲ ಓದಿ ಮರೆತ ಅವಿಭಾಜ್ಯ ಸಂಖ್ಯೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರು ಕಳಿಸುವ ಆರ್ಡರ್ ಫೋಟೊ, ಸಿರುಗುಪ್ಪದ ಅಕ್ಕಿ ಗಿರಣಿಯವರು ಕಳಿಸುವ ಭತ್ತದ ದರ, ಕುರುಗೋಡಿನ ರೈತರು ಕಳಿಸುವ ಮೆಣಸಿನಕಾಯಿ ವಿಡಿಯೊ ಎಲ್ಲದರ ಹಿಂದೆಯೂ 77 ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ ಕೆಲಸ ಮಾಡುತ್ತಿದೆ. ಅದು ಗುಟ್ಟಿನ ಸಂಖ್ಯೆಯೂ ಅಲ್ಲ, ಇಲ್ಲಿಯೇ ಪೂರ್ತಿ ಕೊಟ್ಟಿದ್ದೇವೆ. ಅದರ ಗುಣಗಳನ್ನು ನೋಡೋಣ. ಅದು ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ ಎಂಬುದು ತಿಳಿದರೆ ಮೇಲಿನ ಮೂರೂ ಮಾತಿಗೆ ಉತ್ತರ ಸಿಗುತ್ತದೆ.

ಚುಟುಕಾಗಿ ಉತ್ತರ

• ಮೂರನೆಯ ಟಿಕ್ ಎಂಬುದೇ ಇಲ್ಲ. ದಾರಿಯ ನಡುವೆ ನಿಮ್ಮ ಸಂದೇಶ ತೆರೆಯುವ ಕೀಲಿ ಮೂರನೆಯವರ ಬಳಿ ಇರುವುದಿಲ್ಲ.
• ಹೊಸ ದಾಖಲೆಯ ಅವಿಭಾಜ್ಯ ಸಂಖ್ಯೆ ಸಿಕ್ಕರೆ ಯಾವ ಬ್ಯಾಂಕಿನ ಬೀಗವೂ ಮುರಿಯುವುದಿಲ್ಲ.
• ಬೀಗ ಕಾಯುವುದು ಲಕೋಟೆಯನ್ನು. ಲಕೋಟೆಯೊಳಗಿನ ಪತ್ರ ನಿಜವೋ ಸುಳ್ಳೋ ಎಂಬುದನ್ನು ಅದು ನೋಡುವುದೇ ಇಲ್ಲ.

ಅವಿಭಾಜ್ಯ ಸಂಖ್ಯೆ ಎಂದರೇನು?

1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 2, 3, 5, 7, 11, 13, 17, 19, 23 ಹೀಗೆ. 12 ಅವಿಭಾಜ್ಯವಲ್ಲ, ಏಕೆಂದರೆ ಅದನ್ನು 2 × 2 × 3 ಎಂದು ಒಡೆಯಬಹುದು. 1ಕ್ಕಿಂತ ದೊಡ್ಡ ಯಾವ ಪೂರ್ಣಸಂಖ್ಯೆಯನ್ನು ತೆಗೆದುಕೊಂಡರೂ ಒಂದೋ ಅದೇ ಅವಿಭಾಜ್ಯವಾಗಿರುತ್ತದೆ, ಇಲ್ಲವೇ ಅದನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು. ಅದೂ ಒಂದೇ ಒಂದು ರೀತಿಯಲ್ಲಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬರುವ ಅಂಕಗಣಿತದ ಮೂಲಭೂತ ಪ್ರಮೇಯ ಹೇಳುವುದು ಇದನ್ನೇ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ. ಸುಮಾರು 2,300 ವರ್ಷಗಳ ಹಿಂದೆಯೇ ಗ್ರೀಸಿನ ಯೂಕ್ಲಿಡ್ ಇದನ್ನು ಸಾಧಿಸಿ ತೋರಿಸಿದ್ದ. ಹಾಗಾಗಿ "ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತು" ಎಂಬ ವಾಕ್ಯವನ್ನು "ಇಲ್ಲಿಯವರೆಗೆ ಗೊತ್ತಿರುವುದರಲ್ಲಿ ಅತಿ ದೊಡ್ಡದು" ಎಂದು ಓದಿಕೊಳ್ಳಬೇಕು.

ನಿಮ್ಮ ಫೋನಿನಲ್ಲಿರುವ ಸಂಖ್ಯೆ ಇದು

57896 04461 86580 97711 78549 25043 43953 92663 49923 32820 28201 97287 92003 95656 48199 49

ಓದಲು ಸುಲಭವಾಗಲೆಂದು ಐದೈದು ಅಂಕಿಗಳಾಗಿ ಬಿಡಿಸಿ ಬರೆದಿದ್ದೇವೆ. ಜಾಗ ಬಿಡದೆ ಸೇರಿಸಿ ಓದಿದರೆ ಇದು 77 ಅಂಕಿಗಳ ಒಂದೇ ಸಂಖ್ಯೆ. ಇದನ್ನು ಚಿಕ್ಕದಾಗಿ ಹೇಳುವ ಒಂದು ದಾರಿಯಿದೆ: 2ನ್ನು 255 ಬಾರಿ ಬರೆದು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ 19 ಕಳೆಯಿರಿ. ಅಂದರೆ 2ರ 255ನೇ ಘಾತದಲ್ಲಿ 19 ಕಡಿಮೆ. 2ರ 255ನೇ ಘಾತದಿಂದ ಕೆಳಗೆ ಇಳಿಯುತ್ತಾ ಬಂದರೆ ಮೊದಲು ಸಿಗುವ ಅವಿಭಾಜ್ಯ ಸಂಖ್ಯೆ ಇದು.

ಡೇನಿಯಲ್ ಬರ್ನ್‌ಸ್ಟೀನ್ ಎಂಬ ಗಣಿತಜ್ಞ 2005ರಲ್ಲಿ ಈ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಒಂದು ಗೂಢಲಿಪಿ ವ್ಯವಸ್ಥೆ ರೂಪಿಸಿದರು. ಸಂಖ್ಯೆಯ ನೆನಪಿಗೇ ಅದಕ್ಕೆ "ಕರ್ವ್ 25519" ಎಂಬ ಹೆಸರು ಬಂತು. 255 ಮತ್ತು 19, ಎರಡೂ ಆ ಹೆಸರಿನಲ್ಲೇ ಇವೆ. ಸಿಗ್ನಲ್ ಆ್ಯಪ್ ಇದನ್ನು ಬಳಸಿತು. 2016ರ ಏಪ್ರಿಲ್‌ನಲ್ಲಿ ವಾಟ್ಸಾಪ್ ಅದೇ ಸಿಗ್ನಲ್ ವಿಧಾನವನ್ನು ತನ್ನ ಎಲ್ಲ ಬಳಕೆದಾರರಿಗೂ ಅಳವಡಿಸಿತು.

ನೀವೇ ಪರೀಕ್ಷಿಸಿ ನೋಡಿ

ಗಣಿತದ ಸೊಗಸು ಇಲ್ಲಿದೆ. ಯಾರೋ ಹೇಳಿದರೆಂದು ನಂಬಬೇಕಿಲ್ಲ, ಕಾಗದ ಪೆನ್ನು ಹಿಡಿದು ಕೂತರೆ ಸಾಕು.

3ರಿಂದ ಭಾಗವಾಗುತ್ತದೆಯೇ? 77 ಅಂಕಿಗಳನ್ನೂ ಕೂಡಿ. 376 ಬರುತ್ತದೆ. 376ರ ಅಂಕಿಗಳನ್ನು ಕೂಡಿದರೆ 16, ಮತ್ತೆ ಕೂಡಿದರೆ 7. ಅದು 3ರಿಂದ ಭಾಗವಾಗುವುದಿಲ್ಲ. ಹಾಗಾಗಿ ನಮ್ಮ ಸಂಖ್ಯೆಯೂ ಭಾಗವಾಗುವುದಿಲ್ಲ.

5ರಿಂದ? ಕೊನೆಯ ಅಂಕಿ 9. ಆಗುವುದಿಲ್ಲ.

7ರಿಂದ? ಇಲ್ಲಿ ಸ್ವಲ್ಪ ಜಾಣ್ಮೆ ಬೇಕು. 2 × 2 × 2 = 8. ಅದನ್ನು 7ರಿಂದ ಭಾಗಿಸಿದರೆ ಶೇಷ 1. 255 ಎಂದರೆ 3 × 85, ಅಂದರೆ 2ರ 255ನೇ ಘಾತ ಎಂದರೆ 8ನ್ನು 85 ಬಾರಿ ಬರೆದು ಗುಣಿಸಿದಂತೆ. ಶೇಷ 1ನ್ನು ಎಷ್ಟು ಬಾರಿ ಗುಣಿಸಿದರೂ 1. ಅದರಲ್ಲಿ 19 ಕಳೆದರೆ ಮೈನಸ್ 18. ಅದಕ್ಕೆ 7ರ ಗುಣಕವಾದ 21 ಕೂಡಿಸಿ, ಶೇಷ 3. ಭಾಗವಾಗುವುದಿಲ್ಲ. 77 ಅಂಕಿಗಳ ಸಂಖ್ಯೆಯನ್ನು ಕ್ಯಾಲ್ಕುಲೇಟರ್ ಇಲ್ಲದೆಯೇ 7ರಿಂದ ಭಾಗಿಸಿ ನೋಡಿದಂತಾಯಿತು!

ಇನ್ನೊಂದು ಸೊಗಸಾದ ಗುಣವಿದೆ. ಕೊನೆಯ ಎರಡಂಕಿ 49. ಅದನ್ನು 4ರಿಂದ ಭಾಗಿಸಿದರೆ ಶೇಷ 1. ಹೀಗೆ 4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯನ್ನೂ ಎರಡು ವರ್ಗಸಂಖ್ಯೆಗಳ ಮೊತ್ತವಾಗಿ ಬರೆಯಬಹುದು: 5 = 1 + 4, 13 = 4 + 9, 29 = 4 + 25. ನಮ್ಮ 77 ಅಂಕಿಯ ಸಂಖ್ಯೆಯೂ ಹೀಗೆಯೇ ಎರಡು ವರ್ಗಗಳ ಮೊತ್ತ.

ಅದು ಅವಿಭಾಜ್ಯ ಎಂದು ಹೇಗೆ ಗೊತ್ತಾಯಿತು?

ಚಿಕ್ಕ ಸಂಖ್ಯೆಯಾದರೆ ಅದರ ವರ್ಗಮೂಲದವರೆಗಿನ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಬಹುದು. ಈ ಸಂಖ್ಯೆಯ ವರ್ಗಮೂಲವೇ 39 ಅಂಕಿಗಳಷ್ಟಿದೆ. ಸೆಕೆಂಡಿಗೆ ಹತ್ತು ಕೋಟಿ ಕೋಟಿ ಭಾಗಾಕಾರ ಮಾಡುವ ಯಂತ್ರವಿದ್ದರೂ ಆ ದಾರಿಯಲ್ಲಿ ಮುಗಿಸಲು ಒಂದು ಲಕ್ಷ ಕೋಟಿ ವರ್ಷ ಸಾಲದು. ಬ್ರಹ್ಮಾಂಡದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಹಾಗಾಗಿ ಗಣಿತಜ್ಞರು ಭಾಗಿಸುವ ಗೋಜಿಗೆ ಹೋಗುವುದಿಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಕಂಡ ಒಂದು ನಿಯಮವನ್ನು ಬಳಸುತ್ತಾರೆ. 7ನ್ನು ತೆಗೆದುಕೊಳ್ಳಿ. ಅದಕ್ಕಿಂತ ಒಂದು ಕಡಿಮೆ, ಅಂದರೆ 6 ಬಾರಿ 2ನ್ನು ಗುಣಿಸಿದರೆ 64. ಅದನ್ನು 7ರಿಂದ ಭಾಗಿಸಿದರೆ ಶೇಷ 1. 2ಕ್ಕಿಂತ ದೊಡ್ಡ ಯಾವ ಅವಿಭಾಜ್ಯಕ್ಕೆ ಹೀಗೆ ಮಾಡಿದರೂ ಶೇಷ 1 ಬರಲೇಬೇಕು. ಈಗ 9ನ್ನು ನೋಡಿ. 2ನ್ನು 8 ಬಾರಿ ಗುಣಿಸಿದರೆ 256, 9ರಿಂದ ಭಾಗಿಸಿದರೆ ಶೇಷ 4. ಹಾಗಾಗಿ 9 ಅವಿಭಾಜ್ಯವಲ್ಲ. ಅದರ ಅಪವರ್ತನ ಯಾವುದೆಂದು ಹುಡುಕದೆಯೇ ಗೊತ್ತಾಯಿತು.

ಈ ಪರೀಕ್ಷೆಯಲ್ಲಿ ಮೋಸ ಮಾಡಿ ಪಾಸಾಗುವ ಸಂಖ್ಯೆಗಳೂ ಇವೆ. 341 ಹಾಗೆ ಪಾಸಾಗುತ್ತದೆ, ಆದರೆ ಅದು 11 × 31. ಅದಕ್ಕೆಂದೇ ಇನ್ನೂ ಬಿಗಿಯಾದ ಪರೀಕ್ಷೆಗಳಿವೆ. ಈ ಕ್ಷೇತ್ರದ ಒಂದು ದೊಡ್ಡ ಮೈಲಿಗಲ್ಲು ನಮ್ಮ ದೇಶದ್ದೇ. 2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ವಿಧಾನ ಪ್ರಕಟಿಸಿದರು. ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಊಹೆಗೆ ಎಡೆಯಿಲ್ಲದೆ, ಲೆಕ್ಕ ಮಿತಿಮೀರಿ ಬೆಳೆಯದಂತೆ ಹೇಳಬಹುದು ಎಂದು ಅದು ತೋರಿಸಿತು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಎಕೆಎಸ್ ಪರೀಕ್ಷೆ ಎನ್ನುತ್ತಾರೆ. ನೀರಜ್ ಕಯಾಲ್ ಮುಂದೆ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸಂಶೋಧಕರಾದರು.

ಬೀಗ ಕೆಲಸ ಮಾಡುವುದು ಹೇಗೆ?

ಸಿರುಗುಪ್ಪದಲ್ಲಿರುವ ಅಕ್ಕ, ಕುರುಗೋಡಿನಲ್ಲಿರುವ ತಮ್ಮ. ಇಬ್ಬರಿಗೂ ಒಂದೇ ಕೀಲಿ ಬೇಕು. ಆದರೆ ಆ ಕೀಲಿಯನ್ನು ಕಳಿಸಲು ಇರುವುದು ಎಲ್ಲರೂ ಇಣುಕಿ ನೋಡಬಹುದಾದ ಒಂದೇ ದಾರಿ. ದಾರಿಯಲ್ಲಿ ಕೀಲಿ ಕಳಿಸದೆಯೇ ಇಬ್ಬರ ಕೈಗೂ ಒಂದೇ ಕೀಲಿ ಬರಲು ಸಾಧ್ಯವೇ?

ಸಾಧ್ಯ. ಚಿಕ್ಕ ಸಂಖ್ಯೆಯಲ್ಲಿ ಮಾಡಿ ನೋಡೋಣ. ಅವಿಭಾಜ್ಯ ಸಂಖ್ಯೆ 17 ಮತ್ತು ಮೂಲ ಸಂಖ್ಯೆ 3. ಇವೆರಡೂ ಊರಿಗೆಲ್ಲ ಗೊತ್ತಿರಲಿ.

• ಅಕ್ಕ ಮನಸ್ಸಿನಲ್ಲಿ 3 ಎಂಬ ಗುಟ್ಟಿನ ಅಂಕಿ ಇಟ್ಟುಕೊಳ್ಳುತ್ತಾಳೆ. ಮೂಲ ಸಂಖ್ಯೆ 3ನ್ನು 3 ಬಾರಿ ಗುಣಿಸಿದರೆ 27. ಅದನ್ನು 17ರಿಂದ ಭಾಗಿಸಿ ಉಳಿದ ಶೇಷ 10ನ್ನು ಮಾತ್ರ ತಮ್ಮನಿಗೆ ಕಳಿಸುತ್ತಾಳೆ.
• ತಮ್ಮನ ಗುಟ್ಟಿನ ಅಂಕಿ 7. ಮೂಲ ಸಂಖ್ಯೆ 3ನ್ನು 7 ಬಾರಿ ಗುಣಿಸಿದರೆ 2,187. ಅದನ್ನು 17ರಿಂದ ಭಾಗಿಸಿ ಉಳಿದ ಶೇಷ 11ನ್ನು ಅಕ್ಕನಿಗೆ ಕಳಿಸುತ್ತಾನೆ.
• ಅಕ್ಕ ತನಗೆ ಬಂದ 11ನ್ನು ತನ್ನ ಗುಟ್ಟಿನಷ್ಟು, ಅಂದರೆ 3 ಬಾರಿ ಗುಣಿಸುತ್ತಾಳೆ: 1,331. 17ರಿಂದ ಭಾಗಿಸಿದರೆ ಶೇಷ 5.
• ತಮ್ಮ ತನಗೆ ಬಂದ 10ನ್ನು 7 ಬಾರಿ ಗುಣಿಸುತ್ತಾನೆ: ಒಂದು ಕೋಟಿ. 17ರಿಂದ ಭಾಗಿಸಿದರೆ ಶೇಷ 5.

ಇಬ್ಬರಿಗೂ 5 ಸಿಕ್ಕಿತು. ಅದು ದಾರಿಯಲ್ಲಿ ಒಮ್ಮೆಯೂ ಓಡಾಡಲಿಲ್ಲ. ನಡುವೆ ಕದ್ದು ನೋಡಿದವನಿಗೆ ಕಂಡದ್ದು 17, 3, 10, 11 ಮಾತ್ರ. 17ರಷ್ಟು ಚಿಕ್ಕ ಸಂಖ್ಯೆಯಾದರೆ ಅವನು ಎಲ್ಲ ಸಾಧ್ಯತೆಗಳನ್ನೂ ಪ್ರಯತ್ನಿಸಿ ಗುಟ್ಟು ಕಂಡುಹಿಡಿದಾನು. 17ರ ಜಾಗದಲ್ಲಿ ನಮ್ಮ 77 ಅಂಕಿಯ ಸಂಖ್ಯೆ ಇಟ್ಟು, ಸಾಮಾನ್ಯ ಗುಣಾಕಾರದ ಜಾಗದಲ್ಲಿ ಒಂದು ವಕ್ರರೇಖೆಯ ಮೇಲಿನ ಬಿಂದುಗಳ ಲೆಕ್ಕ ಇಟ್ಟರೆ, ಕರ್ವ್ 25519 ಆಯಿತು. ಈಗಿನ ಕಂಪ್ಯೂಟರ್‌ಗಳಿಗೆ ಗೊತ್ತಿರುವ ಅತ್ಯುತ್ತಮ ದಾರಿಯಲ್ಲೂ ಅದನ್ನು ಒಡೆಯಲು ಬೇಕಾಗುವ ಹೆಜ್ಜೆಗಳ ಎಣಿಕೆ 38 ಅಂಕಿಗಳಷ್ಟು ದೊಡ್ಡದು.

ಗುಟ್ಟಿನ ಅಂಕಿ ಹುಟ್ಟುವುದು ನಿಮ್ಮ ಫೋನಿನಲ್ಲೇ, ಉಳಿಯುವುದೂ ಅಲ್ಲೇ. ಮೂರನೆಯ ಕೆಂಪು ಟಿಕ್ ಕಥೆ ಇಲ್ಲಿಗೆ ಬಿದ್ದುಹೋಗುತ್ತದೆ. ಒಂದು ಟಿಕ್ ಎಂದರೆ ಸಂದೇಶ ಹೊರಟಿತು, ಎರಡು ಟಿಕ್ ಎಂದರೆ ತಲುಪಿತು, ಎರಡೂ ನೀಲಿಯಾದರೆ ಓದಿದರು. ಅಷ್ಟೇ.

ಇದೇ ಸಂಖ್ಯೆ ಯಾಕೆ?

77 ಅಂಕಿಗಳ ಅವಿಭಾಜ್ಯಗಳು ಎಣಿಸಲಾರದಷ್ಟಿವೆ. ಈ ಒಂದನ್ನೇ ಆರಿಸಲು ಕಾರಣ ಆ 19.

100ಕ್ಕಿಂತ 3 ಕಡಿಮೆಯಿರುವ 97ನ್ನು ನೋಡಿ. 512ನ್ನು 97ರಿಂದ ಭಾಗಿಸಿದರೆ ಶೇಷ ಎಷ್ಟು? ಉದ್ದ ಭಾಗಾಕಾರ ಬೇಡ. ಪ್ರತಿ ನೂರಕ್ಕೂ 3 ಉಳಿಯುತ್ತದೆ. ಐದು ನೂರಕ್ಕೆ 15, ಜೊತೆಗೆ 12, ಒಟ್ಟು 27. ಇದೇ ಉತ್ತರ. ನಮಗೆ 100 ಹೇಗೆ ಸಲೀಸೋ ಕಂಪ್ಯೂಟರ್‌ಗೆ 2ರ ಘಾತಗಳು ಹಾಗೆ. 2ರ 255ನೇ ಘಾತಕ್ಕಿಂತ ಬರೀ 19 ಕಡಿಮೆ ಇರುವುದರಿಂದ ಭಾಗಿಸುವ ಬದಲು 19ರಿಂದ ಗುಣಿಸಿ ಕೂಡಿದರೆ ಕೆಲಸ ಮುಗಿಯುತ್ತದೆ. ಕಡಿಮೆ ಬೆಲೆಯ ಫೋನ್ ಕೂಡ ಬ್ಯಾಟರಿ ಸುಡದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಮುಗಿಸುತ್ತದೆ. ದುಬಾರಿ ಫೋನ್ ಇರುವವರಿಗೊಂದು ಬೀಗ, ಉಳಿದವರಿಗೊಂದು ಬೀಗ ಎಂಬ ಭೇದ ಇಲ್ಲಿಲ್ಲ.

ಹಾಗಾದರೆ ಹೊಸ ದೊಡ್ಡ ಸಂಖ್ಯೆ ಸಿಕ್ಕರೆ ಬ್ಯಾಂಕಿಗೆ ಅಪಾಯವೇ?

ಇಲ್ಲ. ಬ್ಯಾಂಕ್‌ಗಳ ಮತ್ತು ವೆಬ್‌ಸೈಟ್‌ಗಳ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಬಗೆಯ ಬೀಗವಿದೆ. ಅದು ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ್ದು. ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಕಷ್ಟ, ಇದೇ ಅದರ ಬಲ.

ಈ ವ್ಯತ್ಯಾಸವನ್ನು ಅರಿಯಲು ನಮ್ಮ ನೆಲದ ಗಣಿತಜ್ಞನೇ ಸಹಾಯಕ್ಕೆ ಬರುತ್ತಾನೆ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ "ಗಣಿತಸಾರಸಂಗ್ರಹ" ಬರೆದ. ಅದರ ಗುಣಾಕಾರದ ಲೆಕ್ಕಗಳಲ್ಲಿ ಉತ್ತರ ಹಾರದಂತೆ ಚೆಂದವಾಗಿ ಬರುವ ಲೆಕ್ಕಗಳಿವೆ. 152207ನ್ನು 73ರಿಂದ ಗುಣಿಸಿದರೆ 11111111. ಇದನ್ನು ಯಾವ ಹೈಸ್ಕೂಲ್ ವಿದ್ಯಾರ್ಥಿಯೂ ಒಂದೆರಡು ನಿಮಿಷದಲ್ಲಿ ಗುಣಿಸುತ್ತಾನೆ. ಆದರೆ ಬರೀ 11111111 ಕೊಟ್ಟು "ಇದನ್ನು ಅವಿಭಾಜ್ಯಗಳಾಗಿ ಒಡೆ" ಎಂದರೆ? 11 × 73 × 101 × 137 ಎಂಬ ಉತ್ತರ ತಲುಪಲು ಬೆವರು ಬರುತ್ತದೆ. ಎಂಟು ಅಂಕಿಗೇ ಹೀಗಾದರೆ ಇಂದು ಸಾಮಾನ್ಯವಾಗಿ ಬಳಸುವ ಬೀಗದ ಸಂಖ್ಯೆ ಸುಮಾರು 617 ಅಂಕಿಗಳದ್ದು. ಸವಾಲಿಗೆಂದು ಇಟ್ಟ ಇಂಥ ಸಂಖ್ಯೆಗಳ ಪೈಕಿ 250 ಅಂಕಿಗಳದ್ದೊಂದನ್ನು ಸಂಶೋಧಕರು ಸಾವಿರಾರು ಕಂಪ್ಯೂಟರ್‌ಗಳ ನೆರವಿನಿಂದ 2020ರಲ್ಲಿ ಒಡೆದರು.

ಇನ್ನು ದಾಖಲೆಯ ಸಂಖ್ಯೆಯ ವಿಷಯ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಒಂದು ಹೊಸ ಸಂಖ್ಯೆ ಪತ್ತೆ ಮಾಡಿದರು. 2ರ 13,62,79,841ನೇ ಘಾತದಲ್ಲಿ 1 ಕಡಿಮೆ. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 2,000 ಅಂಕಿಯಂತೆ ಅಚ್ಚು ಹಾಕಿಸಿದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುಟ! ಅದು ಗಣಿತದ ಸಂಭ್ರಮ, ಕಂಪ್ಯೂಟರ್‌ಗಳ ಶಕ್ತಿಗೆ ಒಂದು ಪರೀಕ್ಷೆ. ಬೀಗಕ್ಕೆ ಅದು ಪ್ರಯೋಜನವಿಲ್ಲದಷ್ಟು ದೊಡ್ಡದು. ಅದು ಸಿಕ್ಕಿದ್ದರಿಂದ ಬೇರೆ ಸಂಖ್ಯೆಗಳನ್ನು ಒಡೆಯುವ ಕೆಲಸವೂ ಸುಲಭವಾಗಿಲ್ಲ.

ನಿಜವಾದ ಆತಂಕ ಇರುವುದು ಕ್ವಾಂಟಮ್ ಕಂಪ್ಯೂಟರ್ ಬಗ್ಗೆ. ಅದು ಸಾಕಷ್ಟು ದೊಡ್ಡದಾಗಿ ಬೆಳೆದರೆ ಮೇಲಿನ ಎರಡೂ ಬಗೆಯ ಬೀಗಗಳನ್ನು ಒಡೆಯಬಹುದು ಎಂದು 1994ರಲ್ಲೇ ಪೀಟರ್ ಶೋರ್ ತೋರಿಸಿದ್ದಾರೆ. ಅಂಥ ಯಂತ್ರ ಬರುವ ಮುನ್ನವೇ ಬೀಗ ಬದಲಿಸುವ ಕೆಲಸ ಶುರುವಾಗಿದೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊಸ ಬಗೆಯ ಬೀಗಗಳ ಮಾನದಂಡ ಪ್ರಕಟಿಸಿತು.

ಬೀಗ ಏನನ್ನು ಕಾಯುವುದಿಲ್ಲ?

ಇಲ್ಲಿಯವರೆಗಿನದು ಸಮಾಧಾನದ ಸುದ್ದಿ. ಇನ್ನೊಂದು ಮುಖವನ್ನೂ ನೋಡಬೇಕು.

ಬೀಗ ದಾರಿಯನ್ನು ಕಾಯುತ್ತದೆ, ಎರಡು ತುದಿಗಳನ್ನಲ್ಲ. ಗ್ರೂಪಿನಲ್ಲಿ 200 ಜನರಿದ್ದರೆ 200 ಜನರೂ ಸಂದೇಶ ಓದಬಹುದು, ಸ್ಕ್ರೀನ್‌ಶಾಟ್ ತೆಗೆಯಬಹುದು. ಯಾರಾದರೂ ರಿಪೋರ್ಟ್ ಮಾಡಿದರೆ ಇತ್ತೀಚಿನ ಕೆಲವು ಸಂದೇಶಗಳು ಕಂಪನಿಗೆ ಹೋಗುತ್ತವೆ. ತನಿಖೆಯಲ್ಲಿ ಫೋನನ್ನೇ ವಶಕ್ಕೆ ಪಡೆದು ತೆರೆದರೆ ಒಳಗಿರುವುದೆಲ್ಲ ಕಾಣುತ್ತದೆ. "ಯಾರಿಗೂ ಗೊತ್ತಾಗಲ್ಲ" ಎಂದು ಮನಬಂದಂತೆ ಬರೆಯುವವರು ಇದನ್ನು ನೆನಪಿಡಬೇಕು.

ಹಣದ ಮೋಸದಲ್ಲೂ ಹಾಗೆಯೇ. ಭತ್ತ, ಮೆಣಸಿನಕಾಯಿ ಮಾರಿದ ದುಡ್ಡು ಖಾತೆಗೆ ಬಂದ ವಾರವೇ "ಕೆವೈಸಿ ಮುಗಿದಿದೆ, ಈ ಫೈಲ್ ಹಾಕಿಕೊಳ್ಳಿ" ಎಂಬ ಸಂದೇಶ ಬಂದರೆ, ಆ ಕಡೆ ಕೂತವನು 77 ಅಂಕಿಯ ಲೆಕ್ಕ ಒಡೆಯಲು ಹೊರಟಿಲ್ಲ. ಅದು ತನ್ನಿಂದ ಆಗದು ಎಂದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವನು ಬಾಗಿಲು ತಟ್ಟಿ ನಿಮ್ಮಿಂದಲೇ ಕೀಲಿ ಕೇಳುತ್ತಾನೆ: ಓಟಿಪಿ, ಯುಪಿಐ ಪಿನ್, ಎಪಿಕೆ ಫೈಲ್, "ಡಿಜಿಟಲ್ ಅರೆಸ್ಟ್" ಎಂಬ ಬೆದರಿಕೆ. ಕೀಲಿ ಕೈಯಾರೆ ಕೊಟ್ಟ ಮೇಲೆ ಬೀಗ ಎಷ್ಟು ಗಟ್ಟಿಯಿದ್ದರೇನು?

ಎಲ್ಲಕ್ಕಿಂತ ದೊಡ್ಡದು ಸುಳ್ಳಿನ ವಿಷಯ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ದೇಶದ ತುಂಬ ವಾಟ್ಸಾಪ್‌ನಲ್ಲಿ ಹರಿದಾಡಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿ, ಅವರ ಕಾರು ಮುಂದಿನ ಊರು ತಲುಪುವ ಮೊದಲೇ ಸಂದೇಶ ಅಲ್ಲಿಗೆ ತಲುಪಿತ್ತು. ಆ ಸಂದೇಶವೂ ಇದೇ ಬೀಗದ ರಕ್ಷಣೆಯಲ್ಲೇ ಹೋಗಿತ್ತು. ಬದಲಾಗದೆ, ಸೋರದೆ, ಸುರಕ್ಷಿತವಾಗಿ ತಲುಪಿತ್ತು. ನಡುವೆ ಯಾರೂ ಓದಲಾರರು ಎಂದರೆ ನಡುವೆ ಯಾರೂ ತಡೆಯಲಾರರು ಎಂದೂ ಅರ್ಥ. ಆ ವರ್ಷವೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕಿತು. ಬಹಳ ಸಲ ಫಾರ್ವರ್ಡ್ ಆದ ಸಂದೇಶಕ್ಕೆ 2020ರಲ್ಲಿ ಆ ಮಿತಿ ಒಂದೇ ಚಾಟ್‌ಗೆ ಇಳಿಯಿತು.

ಸಿರುಗುಪ್ಪದ ಎರಡು ಸಾವಿರ ವರ್ಷ ಹಳೆಯ "ಫಾರ್ವರ್ಡ್"

ಸಂದೇಶ ಮುಂದಕ್ಕೆ ಸಾಗಿಸುವುದು ನಮ್ಮ ಭಾಗಕ್ಕೆ ಹೊಸತಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಸಾಮ್ರಾಟ ಅಶೋಕನ ಬಂಡೆ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೇ ಶತಮಾನದ, ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಈ ಗುಂಪಿನ ಶಾಸನಗಳಲ್ಲಿ ದೊರೆಯ ಮಾತನ್ನು ಅಧಿಕಾರಿಗಳು ಜನರಿಗೆ ತಲುಪಿಸಬೇಕು ಎಂಬ ಸೂಚನೆಯೂ ಇದೆ. ಅಂದರೆ ಅಂದಿನ ಕಾಲದ ಫಾರ್ವರ್ಡ್!

ಇವುಗಳ ವಿಶೇಷ ಇನ್ನೊಂದಿದೆ. ಅಶೋಕನ ಹೆಚ್ಚಿನ ಶಾಸನಗಳಲ್ಲಿ "ದೇವಾನಾಂಪ್ರಿಯ" ಎಂಬ ಬಿರುದು ಮಾತ್ರ ಇರುತ್ತದೆ. ಅಶೋಕ ಎಂಬ ಹೆಸರೇ ಇರುವ ಕೆಲವೇ ಶಾಸನಗಳಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಜೊತೆಗೆ ನಿಟ್ಟೂರು ಮತ್ತು ಉಡೇಗೋಳವೂ ಸೇರಿವೆ. ಹೇಳಿದವರು ಯಾರು ಎಂಬುದು ಕಲ್ಲಿನಲ್ಲೇ ಕೊರೆದಿದೆ.

ನಮ್ಮ ಗ್ರೂಪಿಗೆ ಬರುವ ಫಾರ್ವರ್ಡ್‌ಗಳಲ್ಲಿ ಇರದಿರುವುದು ಅದೇ. "ವೈದ್ಯರೊಬ್ಬರು ಹೇಳಿದ್ದಾರೆ" ಎಂದರೆ ಯಾವ ವೈದ್ಯರು? "ನಾಸಾ ದೃಢಪಡಿಸಿದೆ" ಎಂದರೆ ಯಾವಾಗ, ಎಲ್ಲಿ? ಸಂದೇಶ ಮಾವನ ಫೋನಿನಿಂದಲೇ ಬಂತು ಎಂಬುದನ್ನು ಬೀಗ ಖಚಿತಪಡಿಸಬಲ್ಲದು. ಮಾವನಿಗೆ ಅದು ಎಲ್ಲಿಂದ ಬಂತು, ಮಾವ ಓದಿ ನೋಡಿದರೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ಹಾಗಾದರೆ ಏನು ಮಾಡಬಹುದು?

• ಆಪ್ತರ ಚಾಟ್ ತೆರೆದು, ಹೆಸರಿನ ಮೇಲೆ ಒತ್ತಿ, ಎನ್‌ಕ್ರಿಪ್ಷನ್ ಎಂಬಲ್ಲಿ ನೋಡಿ. 60 ಅಂಕಿಗಳ ಒಂದು ಸಂಖ್ಯೆ ಕಾಣುತ್ತದೆ. ಮುಖಾಮುಖಿ ಸಿಕ್ಕಾಗ ಇಬ್ಬರ ಫೋನಿನಲ್ಲೂ ಅದು ಒಂದೇ ಇದೆಯೇ ಎಂದು ಹೋಲಿಸಿ. ಒಂದೇ ಇದ್ದರೆ ನಡುವೆ ಮೂರನೆಯವರಿಲ್ಲ.
• ಎರಡು ಬಾಣದ ಗುರುತು ಕಂಡರೆ ಅದು ಹಲವು ಕೈ ದಾಟಿ ಬಂದ ಸಂದೇಶ. ಒಮ್ಮೆ ನಿಲ್ಲಿ. ಹೇಳಿದವರ ಹೆಸರು, ದಿನಾಂಕ, ಊರು ಇಲ್ಲದಿದ್ದರೆ ಮುಂದೆ ಕಳಿಸಬೇಡಿ.
• ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಬೇಕಿರುವುದು ಕೊಡಲು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಒತ್ತಬೇಡಿ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ.
• ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ

77 ಅಂಕಿಗಳ ಆ ಸಂಖ್ಯೆಯನ್ನು 3ರಿಂದ, 5ರಿಂದ, 7ರಿಂದ ಭಾಗಿಸಿ ನೋಡಿದಿರಿ. ಯಾರೋ ಹೇಳಿದರೆಂದು ಒಪ್ಪದೆ ನೀವೇ ಲೆಕ್ಕ ಮಾಡಿದಿರಿ. ಅದಕ್ಕೆ ಬೇಕಾದದ್ದು ಐದು ನಿಮಿಷ. ಮುಂದಿನ ಫಾರ್ವರ್ಡ್ ಬಂದಾಗಲೂ ಅಷ್ಟೇ ಸಮಯ ಕೊಡಿ. ಲಕೋಟೆ ಕಾಯುವ ಕೆಲಸ ಸಂಖ್ಯೆಯದ್ದು, ಅದು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಒಳಗಿನ ಪತ್ರವನ್ನು ಓದಿ ನಿಜವೇ ಎಂದು ನೋಡುವ ಕೆಲಸ ಮಾತ್ರ ನಮ್ಮದೇ.